ಎಳೆ ಹರಿದ ಬಲ್ಬುಗಳು

ಐವತ್ತರ ದಶಕದಲ್ಲಿ ನಾನೊಂದು ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದೆ. ನರಗುಂದದ ಕ್ಯಾಂಪು ಮುಗಿಸಿ ಗಜೇಂದ್ರಗಡಕ್ಕೆ ಬರುವ ಹೊತ್ತಿಗೆ ಕಂಪನಿಗೆ ಕರೆಂಟು ಹುಟ್ಟಿಸುವ ಹೊಸ ಇಂಜಿನ್ ಬಂದಿತ್ತು. ಗ್ಯಾಸ್ ಬತ್ತಿಗಳು ಹೋಗಿ ರಂಗದ ಮುಂದೆ ಸಾಲಾಗಿ ಕರೆಂಟಿನ ಬಲ್ಬುಗಳು ಕೂತವು. ಆದರೆ ಯುದ್ಧದ ದೃಶ್ಯ ಬಂತೆಂದರೆ ಒಂದು ಬಲ್ಬು ಹೋಗುತ್ತಿತ್ತು, ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಒಂದು ದಿನ ನಾನು ಸತ್ತ ಗಂಡನ ಮೇಲೆ ಬಿದ್ದು ಅಳುವಾಗ ಎಡಗಡೆಯೆಲ್ಲ ಕತ್ತಲಾಯಿತು. "ರಾಣಿ ಎಲ್ಲಿ ಹೋದಳ್ರಿ?" ಎಂದು ಮುಂದಿನ ಚಾಪೆಯಿಂದ ಯಾರೋ ಕೂಗಿದರು. ಜನ ನಕ್ಕರು. ನನಗೆ ನಿಜವಾಗಿಯೂ ಅಳು ಬಂತು.

ದೀಪದ ಮೇಸ್ತ್ರಿ ಸೋಮಾರಿಯಲ್ಲ. ಇಂಜಿನ್ನಿನ ವೇಗ ತಗ್ಗಿಸಿದ, ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಿದ, ಬೇರೆ ಅಂಗಡಿಯಿಂದ ಬಲ್ಬು ತರಿಸಿದ. ಏನು ಮಾಡಿದರೂ ಅದೇ ಕಥೆ. ಕೆಟ್ಟ ಬಲ್ಬುಗಳನ್ನು ಎಸೆಯದೆ ಒಂದು ಬುಟ್ಟಿಯಲ್ಲಿ ಹುಲ್ಲು ಹಾಸಿ ಇಡುತ್ತಿದ್ದ.

ನಾನು ಉಳಿದುಕೊಂಡಿದ್ದು ಒಬ್ಬ ನೇಕಾರ ಹೆಂಗಸಿನ ಮನೆಯಲ್ಲಿ. ನಲವತ್ತರ ಆಸುಪಾಸಿನವಳು, ಮಾತು ಕಡಿಮೆ. ಕರೆಂಟಿನ ದೀಪದೊಳಗೆ ಏನಿರುತ್ತದೆ ನೋಡಬೇಕೆಂದಳು. ಮೇಸ್ತ್ರಿಯ ಬುಟ್ಟಿಯಿಂದ ಒಂದು ತಂದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಸೀರೆಯಲ್ಲಿ ತಪ್ಪು ಹುಡುಕುವವಳಂತೆ ತಿರುಗಿಸಿ ತಿರುಗಿಸಿ ನೋಡಿದಳು.

"ಬಾಯಾರ, ಇದು ಸುಟ್ಟಂಗ ಕಾಣಂಗಿಲ್ಲರಿ. ಗಾಜು ಹಂಗs ತಿಳಿ ಐತಿ. ಒಳಗ ಎಳಿ ಹರದೈತಿ ನೋಡ್ರಿ. ಇವನ್ನ ಎಲ್ಲಿ ಕೂಡಿಸೀರಿ?"

"ರಂಗದ ಹಲಗಿಗೆ ತಗಡಿನ ಡಬ್ಬಿ ಬಡದು, ಅದರಾಗ."

"ಅದs ಹಲಗಿ ಮ್ಯಾಲೆ ಕುಣೀತೀರಿ?"

"ಕುಣೀತೀವಿ, ಜಿಗೀತೀವಿ."

ಆಕೆ ನಕ್ಕಳು. "ನಾವೂ ಮೊದಲ ಗ್ಯಾಸ್ ಬತ್ತಿ ತಂದು ಮಗ್ಗದ ಕಂಬಕ್ಕ ತೂಗಹಾಕಿದ್ವಿ. ಮಗ್ಗಾ ಬಡದಂಗೆಲ್ಲಾ ಒಳಗಿನ ಬಿಳಿ ಜಾಳಿಗಿ ಉದುರೂದು. ಗ್ವಾಡಿಗೆ ಹಾಕಿದ ಮ್ಯಾಲೆ ಭಾಳ ದಿನಾ ಬಂತು."

ಮರುದಿನ ಮಧ್ಯಾಹ್ನ ತಾಲೀಮಿಗೆ ಆಕೆಯನ್ನು ಕರೆದುಕೊಂಡು ಹೋದೆ. ಮಗ್ಗದ ಬತ್ತಿಯ ಸಂಗತಿ ಕೇಳಿ ಮೇಸ್ತ್ರಿಯ ಮುಖ ಬಿಗಿಯಾಯಿತು. "ಅಕ್ಕಾರ, ಮಗ್ಗಾ ಬ್ಯಾರೆ, ಕರೆಂಟ್ ಬ್ಯಾರೆ" ಎಂದ.

"ಖರೇ ಅಣ್ಣಾರ, ಕರೆಂಟಿಂದು ನನಗ ಗೊತ್ತಿಲ್ಲ. ಡಬ್ಬಿ ಮ್ಯಾಲೆ ಒಮ್ಮೆ ಕೈ ಇಟ್ಟು ನೋಡ್ರಿ, ಅವರು ಕುಣೀಲಿ."

ಅವನು ಅಂಗೈ ಇಟ್ಟ. ರಾಜನ ಪಾತ್ರದವರು ಕತ್ತಿ ಬೀಸುತ್ತ ಮೂರು ಹೆಜ್ಜೆ ಧಡಧಡ ಇಟ್ಟರು. ಮೇಸ್ತ್ರಿ ಕೈ ತೆಗೆಯಲಿಲ್ಲ. "ಇನ್ನೊಮ್ಮೆ ಕುಣೀರಿ" ಎಂದ. ಆಮೇಲೆ ಎದ್ದು ಹೋಗಿ ಬುಟ್ಟಿ ತಂದು ನಮ್ಮೆದುರೇ ಸುರುವಿ, ಗಾಜು ಕಪ್ಪಾದವನ್ನೂ ತಿಳಿಯಾಗಿದ್ದವನ್ನೂ ಬೇರೆ ಬೇರೆ ಮಾಡಿದ. ಕಪ್ಪಾದವು ನಾಲ್ಕೇ ನಾಲ್ಕು, ಇಂಜಿನ್ ವೇಗ ಹೆಚ್ಚಿದ್ದ ಮೊದಲ ದಿನಗಳವು. ಉಳಿದವೆಲ್ಲ ಎಳೆ ಹರಿದವು.

"ಇಷ್ಟ ದಿವಸ ನಾ ಇಂಜಿನ್ ನೋಡಕೋತ ಕೂತೆ" ಎಂದ ಮೆಲ್ಲಗೆ. "ಇವರ ಕಾಲು ನೋಡ್ಲಿಲ್ಲ."

ಸಂಜೆಯೊಳಗೆ ರಂಗದ ಮುಂದೆ ನೆಲಕ್ಕೆ ಗೂಟ ಹುಗಿದು, ಅಡ್ಡ ಬೊಂಬು ಕಟ್ಟಿ, ಡಬ್ಬಿಗಳನ್ನು ಅದಕ್ಕೆ ಬಿಗಿದ. ಹಲಗೆಗೂ ಡಬ್ಬಿಗೂ ನಡುವೆ ನಾಲ್ಕು ಬೆರಳು ಸಂದು. ಆ ದಿನದ ಯುದ್ಧದಲ್ಲಿ ಒಂದು ಬಲ್ಬೂ ಹೋಗಲಿಲ್ಲ. ನನ್ನ ಅಳುವನ್ನು ಜನ ಕಣ್ತುಂಬ ನೋಡಿದರು. ಕ್ಯಾಂಪು ಮುಗಿಯುವತನಕ ಕೆಟ್ಟವು ಎರಡೇ.

ಆ ಹೆಂಗಸಿನ ಬುದ್ಧಿಗೆ ನಾನು ಬೆರಗಾದದ್ದು ಸರಿಯೇ. ಮೇಸ್ತ್ರಿಯ ಮೇಲೂ ನನಗೆ ಅಷ್ಟೇ ಗೌರವ ಹುಟ್ಟಿತು. ಮುಂದೆ ರೋಣದ ಕ್ಯಾಂಪಿನಲ್ಲಿ ಯಾರೋ, "ನಿಮ್ಮ ದೀಪಾ ಭಾಳ ಚಲೋ ನಿಂತಾವಲ್ರಿ, ಇದು ಯಾರ ಯುಕ್ತಿ?" ಎಂದು ಕೇಳಿದಾಗ, ಅವನು ಗೂಟದ ಹಗ್ಗ ಬಿಗಿಯುತ್ತಲೇ, "ಗಜೇಂದ್ರಗಡದಾಗ ಒಬ್ಬ ನೇಕಾರ ಅಕ್ಕಾ ಕಲಿಸ್ಯಾಳ್ರಿ" ಎಂದ.