ವಿಯೆನ್ನಾದಲ್ಲಿ ಅವ್ವ ಹತ್ತಿದ ಟಾಂಗಾ

ವಿಯೆನ್ನಾದಲ್ಲಿ ಒಂದು ಗಂಟೆಯೂ ಇಲ್ಲದ ಕುದುರೆಗಾಡಿ ಸವಾರಿಗೆ ನಾನು ನೂರು ಯೂರೋ ಮೇಲೆ ಕೊಟ್ಟೆ. ಅಷ್ಟು ದುಡ್ಡಿಗೆ ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿರುವ ನಮ್ಮ ಮನೆಗೆ ಒಂದು ವಾರದ ಕಿರಾಣಿ ಬರುತ್ತದೆ. ಒಂದು ಪೈಸೆಯೂ ಕಡಿಮೆ ಮಾಡಿಸಲಾಗಲಿಲ್ಲ. ಗ್ಯಾರೇಜಿನಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ ಮಾರಿ ಸ್ವಂತ ಅಂಗಡಿ ಮಾಡಿದವಳು ನಾನು. ಅಂಗಡಿಯ ರೆಂಟ್‌ನಿಂದ ಕೊತ್ತಂಬರಿ ಸಿವುಡಿನವರೆಗೆ ಚೌಕಾಶಿ ಇಲ್ಲದೆ ಏನನ್ನೂ ಒಪ್ಪಿಕೊಂಡವಳಲ್ಲ. ಆದರೂ ಆ ದುಡ್ಡಿನ ಬಗ್ಗೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಅದನ್ನು ಕೊಡದಿದ್ದರೆ ಅವ್ವ ಆ ದಿನವೆಲ್ಲ ಹೋಟೆಲ್ ಕೋಣೆಯಲ್ಲಿ ಅರ್ಥವಾಗದ ಟಿವಿ ನೋಡುತ್ತ ಕೂತಿರಬೇಕಿತ್ತು.

ಅವ್ವ ಆರು ತಿಂಗಳು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಅಣ್ಣನ ಮನೆಯಲ್ಲಿ, ಆರು ತಿಂಗಳು ನನ್ನ ಮನೆಯಲ್ಲಿ ಇರುತ್ತಾಳೆ. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಯುರೋಪ್ ಪ್ರವಾಸ ಬುಕ್ ಮಾಡಿದಾಗ ಪಾಳಿ ಅವರದಿತ್ತು. ಅಣ್ಣ ಫೋನ್ ಮಾಡಿದ.

"ಈ ಸಲ ನಿನ್ನ ಪಾಳಿ ಸ್ವಲ್ಪ ಲಗೂನ ಚಾಲೂ ಮಾಡ್ತೀಯೇನವಾ?"

"ಯಾಕ, ಅವ್ವನ ಪಾಸ್‌ಪೋರ್ಟ್ ಕಳದೈತೇನು?"

"ಆಕಿ ಮೊಣಕಾಲ ನೋಡಿಯಿಲ್ಲೋ ನೀ?"

"ನೋಡೀನಿ. ನಾನೂ ಬರ್ತೀನಿ, ಆಕೀನೂ ಬರ್ತಾಳ. ಕಾಲಿನ ಜವಾಬ್ದಾರಿ ನಂದು."

ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಹೊರಟೆ.

ವಿಯೆನ್ನಾಕ್ಕೆ ನಮಗಿದ್ದದ್ದು ಒಂದೇ ದಿನ. ಅಣ್ಣ ಎಲ್ಲರಿಗೂ ವಾಕಿಂಗ್ ಟೂರ್ ಬುಕ್ ಮಾಡಿದ್ದ. ಅರಮನೆ, ಚರ್ಚು, ಹಳೆಯ ಓಣಿಗಳು, ಎಲ್ಲ ಕಾಲ್ನಡಿಗೆಯಲ್ಲಿ. ಬೆಳಗ್ಗೆ ಹೋಟೆಲಿನವರು ವೀಲ್‌ಚೇರ್ ತಂದು ನಿಲ್ಲಿಸಿದರೆ ಅವ್ವ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ನಾ ಏನ್ ದವಾಖಾನಿಗೆ ಹೊಂಟೇನೇನು? ಒಯ್ರಿ ಅದನ್ನ."

ಅಣ್ಣನಿಗೆ ಅಷ್ಟೇ ಬೇಕಾಗಿತ್ತು. "ಹಂಗಾರ ಅವ್ವ ರೂಮಿನಾಗ ಇರ್ಲಿ. ಫೋಟೋ ತಂದು ತೋರಸ್ತೀವಿ."

"ಫೋಟೋ ನೋಡಾಕ ದಿ ಪಾಂಡ್ಸ್ ಸಾಕಿತ್ತಲ್ಲೋ ಅಣ್ಣಾ. ಇಷ್ಟ್ ದೂರ ಯಾಕ ಬರಬೇಕಿತ್ತು?" ಎಂದೆ.

ಅವ್ವ ಮಡಿಸಿಟ್ಟಿದ್ದ ಶಾಲನ್ನು ಬಿಚ್ಚಿ ಮತ್ತೆ ಮಡಿಸಿದಳು. ಉಟ್ಟಿದ್ದ ಇಳಕಲ್ ಸೀರೆಯನ್ನು ಅವಳು ಹಿಂದಿನ ರಾತ್ರಿಯೇ ತೆಗೆದಿಟ್ಟಿದ್ದನ್ನು ನಾನು ನೋಡಿದ್ದೆ. ನನಗೆ ರೇಗಿತು. ಅಣ್ಣ, ವೈನಿ ಟೂರಿಗೆ ಹೋದ ಮೇಲೆ ಟ್ಯಾಕ್ಸಿ ಕರೆದು ಅವ್ವನನ್ನು ನೇರ ದೊಡ್ಡ ಚರ್ಚಿನ ಚೌಕಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಎರಡೆರಡು ಕುದುರೆ ಕಟ್ಟಿದ ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲ ಗಾಡಿಯವಳು ದುಂಡನೆಯ ಕರಿ ಟೋಪಿ ಹಾಕಿದ ಗಟ್ಟಿಮುಟ್ಟಾದ ಹೆಂಗಸು. ರೇಟ್ ಕೇಳಿದೆ, ಬೋರ್ಡು ತೋರಿಸಿದಳು. ನಾನು ಅರ್ಧ ಹೇಳಿದೆ. ಅವಳು ಮತ್ತೆ ಬೋರ್ಡು ತೋರಿಸಿದಳು. ಇನ್ನು ಸ್ವಲ್ಪ ಏರಿಸಿದೆ, ನಕ್ಕಳು. ಆಗ ನನ್ನ ಕೊನೆಯ ಅಸ್ತ್ರ ತೆಗೆದೆ. "ಬೇಡ ಬಿಡಿ" ಎಂದು ಬೆನ್ನು ತಿರುಗಿಸಿ ನಡೆದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹೀಗೆ ನಡೆದರೆ ಹಿಂದಿನಿಂದ "ಬರ್ರಿ ಅಕ್ಕಾರ, ಎಷ್ಟ್ ಕೊಡ್ತೀರಿ ಹೇಳ್ರಿ" ಎಂಬ ಕೂಗು ಬರಲೇಬೇಕು. ಮೆಲ್ಬರ್ನ್‌ನ ತರಕಾರಿ ಮಾರ್ಕೆಟ್ಟಿನಲ್ಲೂ ಬಾಗಿಲು ಹಾಕುವ ಹೊತ್ತಿಗೆ ಬರುತ್ತದೆ.

ವಿಯೆನ್ನಾದಲ್ಲಿ ಬರಲಿಲ್ಲ. ಒಂದು ಚಾಕಲೇಟ್ ಅಂಗಡಿಯ ಗಾಜಿನ ಮುಂದೆ ನಿಂತು ಕಾದೆ. ಕೊನೆಗೆ ತಡೆಯಲಾರದೆ ತಿರುಗಿ ನೋಡಿದರೆ ಅವ್ವ ಗಾಡಿಯೊಳಗೆ ಶಾಲು ಹೊದ್ದು ಕೂತುಬಿಟ್ಟಿದ್ದಾಳೆ! ಟೋಪಿಯವಳೇ ಕೈಕೊಟ್ಟು ಹತ್ತಿಸಿದ್ದಳು.

ಓಡಿಹೋದೆ. "ಇಳಿ ಬೇ, ಇನ್ನ ರೇಟ್ ಆಗಿಲ್ಲ."

"ಇಳದ್ರ ಮತ್ತ ಹತ್ತಾಕ ಆಗೂದಿಲ್ಲ ನನಗ."

"ಕುಂತ ಮ್ಯಾಲ ಯಾರ್ ಕಡಿಮಿ ಮಾಡ್ತಾರ?"

"ನೀ ಕಡಿಮಿ ಮಾಡಸ್ಕೋತ ಇಲ್ಲೇ ನಿಂದ್ರು. ನಾ ಹೊಂಟೆ." ಟೋಪಿಯವಳ ಕಡೆ ತಿರುಗಿ, "ಹೊಡಿ ತಂಗಿ ಟಾಂಗಾ" ಎಂದಳು. ಅವಳಿಗೆ ಏನು ಅರ್ಥವಾಯಿತೋ, ಲಗಾಮು ಕೈಗೆ ತೆಗೆದುಕೊಂಡೇಬಿಟ್ಟಳು. ನಾನು ಹಾರಿ ಹತ್ತಿದೆ.

ಹತ್ತಿದ ಮೇಲೆ ನನ್ನ ಬುದ್ಧಿ ಮತ್ತೆ ಕೆಲಸ ಮಾಡತೊಡಗಿತು. ಬೋರ್ಡಿನಲ್ಲಿ ಬೆಲೆ ಬರೆದಿತ್ತು, ಎಲ್ಲೆಲ್ಲಿ ನಿಲ್ಲಿಸಬೇಕೆಂದು ಬರೆದಿರಲಿಲ್ಲ. ಅರಮನೆಯ ಕಮಾನಿನ ಕೆಳಗೆ ನಿಧಾನ ಹೋಗು ಎಂದೆ, ಹೋದಳು. ಕಲ್ಲಿನ ದೊಡ್ಡ ಮೂರ್ತಿಗಳ ಎದುರು ನಿಲ್ಲಿಸು ಎಂದೆ, ನಿಲ್ಲಿಸಿದಳು. ಅವ್ವ ಮೂರ್ತಿಗಳನ್ನು ಬಿಟ್ಟು ಕುದುರೆಗಳನ್ನೇ ನೋಡುತ್ತಿದ್ದಳು. "ಹೊಟ್ಟಿ ತುಂಬ ತಿಂದಾವು ನೋಡು. ನಮ್ಮ ಟೇಶನ್ ಮುಂದಿನ ಟಾಂಗಾದ ಕುದುರಿ ಎಲುವು ಎಣಸಬೋದಿತ್ತು."

ಮುಂದಿನ ತಿರುವಿನಲ್ಲಿ ಹಳದಿ ಕೊಡೆ ಎತ್ತಿ ಹಿಡಿದ ಗೈಡ್, ಅವಳ ಹಿಂದೆ ಒಂದು ಗುಂಪು. ಗುಂಪಿನ ಕೊನೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಅಣ್ಣ, ವೈನಿ. ಅವ್ವ ಎದ್ದು ನಿಲ್ಲುವುದೊಂದು ಬಾಕಿ.

"ಏ ತಮ್ಮಾ! ಕಾಲ ನೋಯಾಕ ಹತ್ಯಾವೇನೋ? ಬಾ, ಜಾಗ ಐತಿ!"

ಇಡೀ ಗುಂಪು ತಿರುಗಿತು. ಅಣ್ಣ ಗೈಡಿನ ಕೊಡೆಯನ್ನೇ ದಿಟ್ಟಿಸಿದ. ವೈನಿ ಮಾತ್ರ ಬಂದು ಹತ್ತಿದಳು. "ಅತ್ತಿ, ನನ್ನ ಹಿಮ್ಮಡಿ ಸತ್ತ ಹೋಗ್ಯಾವ್ರಿ" ಎಂದು ಚಪ್ಪಲಿ ಬಿಚ್ಚಿ ಕಾಲು ಚಾಚಿದಳು.

ಸಂಜೆ ಅಣ್ಣ ರೇಟ್ ಕೇಳಿ ಹಣೆ ಬಡಿದುಕೊಂಡ. "ಅಷ್ಟ್ ರೊಕ್ಕ ಕೊಟ್ಟಿಯಾ? ನೀನಾ?"

"ಕೊಟ್ಟೆ. ಮತ್ತೂ ಕೊಡ್ತೀನಿ. ಏನೀಗ?"

ಈಗಲೂ ಹಾಗೆಯೇ ಅನ್ನುತ್ತೇನೆ. ದಿ ಪಾಂಡ್ಸ್‌ನ ಬಳಗದಲ್ಲಿ ನನ್ನನ್ನು ದುಂದುಗಾರ್ತಿ ಅನ್ನುತ್ತಾರಂತೆ. ಅನ್ನಲಿ.

ನೀವು ಹಿರಿಯರನ್ನು ಕರೆದುಕೊಂಡು ಇಂಥ ಊರಿಗೆ ಹೊರಟಿದ್ದರೆ ಒಂದೆರಡು ಮಾತು ಕೇಳಿ. ಏನೇನು ನೋಡಬೇಕು ಅನ್ನುವುದಕ್ಕಿಂತ ಮೊದಲು ಎಲ್ಲೆಲ್ಲಿ ಕೂರಬಹುದು ಎಂದು ಹುಡುಕಿ. ಗಾಡಿಗೆ ಬೆಳಗ್ಗೆಯೇ ಹೋಗಿ. ಬಿಸಿಲು ವಿಪರೀತವಾದರೆ ಕುದುರೆಗಳಿಗೆ ರಜೆ, ನೀವು ರಸ್ತೆಯಲ್ಲಿ. ಬೆಲೆ ಬೋರ್ಡಿನಲ್ಲಿದ್ದರೆ ಅದರೊಂದಿಗೆ ಗುದ್ದಾಡಬೇಡಿ. ದಾರಿ, ನಿಲುಗಡೆ, ನೆರಳಿನ ಸೀಟು ಇವುಗಳಿಗೆ ಚೌಕಾಶಿ ಮಾಡಿ, ಕೊಡುತ್ತಾರೆ. ಮತ್ತೆ, "ನಿಮಗ ಆಗೂದಿಲ್ಲ ಬಿಡ್ರಿ" ಎಂದು ಹೋಟೆಲ್ ಕೋಣೆಯಲ್ಲಿ ನೀವೇ ತೀರ್ಪು ಕೊಡಬೇಡಿ. ಮೊದಲು ಗಾಡಿಯ ಪಕ್ಕ ಕರೆದುಕೊಂಡು ಹೋಗಿ ನಿಲ್ಲಿಸಿ, ಆಮೇಲೆ ಕೇಳಿ.