ಹಾಲುವಾಣದ ಗುರುತು

ಕರೆಂಟಿನ ಕೇಬಲ್ ಹೂತು ಅದರ ಗುರುತಿಗೆ ಗಿಡ ನೆಡುವ ಬುದ್ಧಿವಂತರನ್ನು ನಾನು ಕಂಡದ್ದು ಜಾವಳಿ ಹತ್ತಿರದ ಆ ಎಸ್ಟೇಟಿನಲ್ಲೇ.

ನಾನೂ ನನ್ನ ಯಜಮಾನರೂ ಅಲ್ಲಿ ಕಾಫಿ ಸಸಿಗೆ ಗುಂಡಿ ತೆಗೆಯುತ್ತಿದ್ದೆವು. ಅವರು ಹಾರೆ ಹಾಕಿದರೆ ನಾನು ಮಣ್ಣು ಎಳೆಯುತ್ತಿದ್ದೆ. ಕೆರೆಯ ಪಂಪಿಗೆ ಹೋಗುವ ಕೇಬಲನ್ನು ಸಾಹುಕಾರರು ಎಂದೋ ತೋಟದ ನಡುವೆ ಹೂಳಿಸಿದ್ದರು. ಮೇಲೆ ಇಟ್ಟಿಗೆಯಿಲ್ಲ, ಮರಳಿಲ್ಲ, ಒಂದು ಮೊಳ ಆಳವೂ ಇಲ್ಲ. ಗುರುತಿಗೆ ಉದ್ದಕ್ಕೂ ಹಾಲುವಾಣದ ಗೂಟ ನೆಟ್ಟಿದ್ದರಂತೆ. ನೆರಳಿಗೂ ಮೆಣಸಿನ ಬಳ್ಳಿಗೂ ಹಾಲುವಾಣವನ್ನೇ ನೆಟ್ಟ ತೋಟದಲ್ಲಿ! ಗೂಟಗಳು ಚಿಗುರಿ ಮರವಾದ ಮೇಲೆ ಯಾವುದು ಗುರುತು, ಯಾವುದು ನೆರಳು ಎಂದು ದೇವರಿಗೂ ಗೊತ್ತಾಗದು. ಕೆಳಗೆ ಕೇಬಲ್ ಇದೆಯೆಂದೇ ನಮಗೆ ಯಾರೂ ಹೇಳಿರಲಿಲ್ಲ.

ಹಾರೆ ನೆಲಕ್ಕಿಳಿದದ್ದೇ ತಡ, ಢಬ್ಬೆಂದು ಬೆಂಕಿ ಹಾರಿತು. ಯಜಮಾನರು ಆಚೆ ಹೋಗಿ ಬಿದ್ದರು. ಬಲಗೈ ಸುಟ್ಟು ಕರಕಲಾಗಿತ್ತು. ನನ್ನ ಕಿರುಚಾಟಕ್ಕೆ ಓಡಿಬಂದ ಸಾಹುಕಾರರು ಮೊದಲು ಇಣುಕಿದ್ದು ಗುಂಡಿಗೆ.

"ಕೇಬಲ್ ಪೂರಾ ಹೋಯ್ತಾ? ಅಷ್ಟು ಹಾಲುವಾಣ ನೆಟ್ಟಿದ್ದು ಕಣ್ಣಿಗೆ ಕಾಣ್ಲಿಲ್ವಾ ನಿಮ್ಗೆ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. "ಹೋಗ್ಲಿ ಬಿಡೆ, ಜೀವ ಉಳೀತಲ್ಲ" ಎಂದರು ಯಜಮಾನರು. ನಾನು ಬಿಡಲಿಲ್ಲ. ಅವರಷ್ಟು ಒಳ್ಳೆಯವಳು ನಾನಲ್ಲ.

ಸಾಹುಕಾರರು ಕೇಬಲಿಗೆ ಜಾಯಿಂಟ್ ಹಾಕಿಸಿದರು, ಪಂಪು ಮತ್ತೆ ಓಡತೊಡಗಿತು. ಅದೇ ಸಾಲಿನಲ್ಲಿ ಉಳಿದ ಗುಂಡಿ ತೆಗೆಯಲು ಮೇಸ್ತ್ರಿ ನಮ್ಮ ಆಳುಗಳ ಲೈನ್‌ಮನೆಯ ಹೆಂಗಸರನ್ನೂ ಗಂಡಸರನ್ನೂ ಕರೆದ. ನಾನೂ ಹೋದೆ. ಎಲ್ಲರೆದುರು ಹಾರೆಯನ್ನು ಸಾಹುಕಾರರ ಮುಂದೆ ಹಿಡಿದೆ.

"ಕೇಬಲ್ ಎಲ್ಲಿಲ್ಲ ಅಂತ ನೀವೇ ನಾಲ್ಕು ಕಡೆ ಅಗ್ದು ತೋರ್ಸಿ ಸಾವ್ಕಾರ್ರೇ. ಆಮೇಲೆ ನಾವು ಅಗಿತೀವಿ."

"ಹಾಲುವಾಣ ನೋಡ್ಕೊಂಡು ಅಗೆದ್ರಾಯ್ತಲ್ಲ ಮಾರಾಯ್ತಿ."

"ನೀವೇ ನೋಡ್ಕೊಂಡು ಅಗೀರಿ."

ಆಳುಗಳೆಲ್ಲ ನೋಡುತ್ತಿದ್ದರು. ಸಾಹುಕಾರರು ಮಾನಕ್ಕಂಜಿ ಹಾರೆ ತೆಗೆದುಕೊಂಡರು. ಸಾಲು ನೋಡಿದರು, ಮರ ನೋಡಿದರು, ನೆಲ ನೋಡಿದರು. ಎತ್ತಿದ ಹಾರೆ ಕೆಳಗಿಳಿಸಿ ಮೇಸ್ತ್ರಿಯ ಕಡೆ ತಿರುಗಿದರು.

"ಮೊದ್ಲು ಹೋಗಿ ಮೇನ್ ಆಫ್ ಮಾಡಿ ಬಾ ಮಾರಾಯ."

ಆ ಒಂದು ಮಾತು ಹಿಂದಿನ ವಾರ ಆ ಬಾಯಿಂದ ಬಂದಿದ್ದರೆ, ನನ್ನ ಗಂಡ ಈಗಲೂ ತನ್ನ ಕೈಯಲ್ಲೇ ಅನ್ನ ಕಲಸಿ ಉಣ್ಣುತ್ತಿದ್ದರು.