ಎಬೆನೇಜರನ ಸಾಕ್ಷಿ

ಬಾಗಲಕೋಟೆ ನವನಗರದ ನಮ್ಮ ಪ್ರಾರ್ಥನಾಲಯದಲ್ಲಿ ಭಾನುವಾರ ಪ್ರಸಂಗಕ್ಕೆ ಮೊದಲು ಒಬ್ಬರು ಎದ್ದು ಸಾಕ್ಷಿ ಹೇಳುವ ರೂಢಿಯಿದೆ. ತಾನು ಮೊದಲು ಹೇಗಿದ್ದೆ, ದೇವರು ತನ್ನನ್ನು ಹೇಗೆ ಬದಲಿಸಿದ ಎಂದು ಸಭೆಗೆ ತಿಳಿಸುವುದೇ ಸಾಕ್ಷಿ. ಹೆಚ್ಚಿನವರದು ಜ್ವರ ವಾಸಿಯಾದದ್ದು, ಮಗನಿಗೆ ಐಟಿಐ ಸೀಟು ಸಿಕ್ಕದ್ದು. ಮೂವತ್ತು ವರ್ಷ ಮಕ್ಕಳು ತೂಕಡಿಸುವಂತೆ ಪಾಠ ಮಾಡಿದ ಮಾಸ್ತರ ನಾನು, ಇಂಥ ಸಾಕ್ಷಿಗಳಿಗೆ ನಾನೇ ತೂಕಡಿಸುತ್ತಿದ್ದೆ. ಎಬೆನೇಜರ ಎದ್ದ ದಿನ ಮಾತ್ರ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಎಬೆನೇಜರನಿಗೆ ಮೂವತ್ನಾಲ್ಕು ವರ್ಷ. ಊರು ಗುಳೇದಗುಡ್ಡ. ನವನಗರದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾನೆ. ವಿದ್ಯಾಗಿರಿಯ ಕಾಲೇಜಿನಲ್ಲಿ ಓದುವಾಗ ವೀರೇಶ, ಅಕೀಲ ಎಂಬ ಗೆಳೆಯರ ಜೊತೆ ರಾಕ್ ಬ್ಯಾಂಡ್ ಕಟ್ಟಿದ್ದ. ಅಕೀಲನ ಅಪ್ಪನ ಉಳ್ಳಾಗಡ್ಡಿ ಗೋದಾಮಿನಲ್ಲಿ ತಾಲೀಮು. ಇವನದು ಗಿಟಾರು ಮತ್ತು ಹೆಗಲ ತನಕ ಕೂದಲು. ತಾಲೀಮು ಮುಗಿದ ಮೇಲೆ ಮೂವರೂ ಮಿರ್ಚಿ ಭಜಿ ತಿಂದು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಅದಕ್ಕಿಂತ ಹೆಚ್ಚಿನ ಚಟ ಯಾರಿಗೂ ಇರಲಿಲ್ಲ. ಎಬೆನೇಜರನ ಅಪ್ಪ ತೀರಿಕೊಂಡ ಮೇಲೆ ಕೂದಲೂ ಹೋಯಿತು, ಬ್ಯಾಂಡೂ ಹೋಯಿತು.

ನಮ್ಮ ಪಾಸ್ಟರ್ ಜೀವನರಾಜರಿಗೆ ರಾಕ್ ಸಂಗೀತವೆಂದರೆ ಆಗುವುದಿಲ್ಲ. ಆ ತಾಳ ಮೈಯನ್ನು ಎಬ್ಬಿಸಿ ಆತ್ಮವನ್ನು ಮಲಗಿಸುತ್ತದೆ, ಗಿಟಾರಿನ ಹಿಂದೆ ಬಾಟ್ಲಿ, ಬಾಟ್ಲಿಯ ಹಿಂದೆ ಗಾಂಜಾ ಬಂದೇ ಬರುತ್ತದೆ ಎನ್ನುವುದು ಅವರ ನಂಬಿಕೆ. ಕೆಟ್ಟ ಮನುಷ್ಯರಲ್ಲ. ಗದುಗಿನ ಕಡೆಯ ಅವರ ತಮ್ಮನೊಬ್ಬ ಕುಡಿದು ಸತ್ತಿದ್ದ, ಅವನೂ ಇಂಥ ಹಾಡುಗಳ ಹುಚ್ಚನಾಗಿದ್ದನಂತೆ. ಎಬೆನೇಜರ ಸಭೆಗೆ ಸೇರಿದಾಗ ಅವರಿಗೆ ತಮ್ಮನೇ ಬದುಕಿ ಬಂದಷ್ಟು ಸಂತೋಷವಾಯಿತು. ಸಾಕ್ಷಿ ಹೇಳಲು ಎಬ್ಬಿಸಿದರು.

"ನಾ ಗಿಟಾರ ಬಾರಸ್ತಿದ್ದೆ. ಈಗ ಬಿಟ್ಟೇನಿ," ಎಂದು ಹೇಳಿ ಎಬೆನೇಜರ ಕೂತುಬಿಟ್ಟ.

ಸಭೆ ಇನ್ನೂ ಕಾಯುತ್ತಿತ್ತು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಪಾಸ್ಟರು ಅವನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಬಿಟ್ಟದ್ದು ಇನ್ನೂ ಏನರ ಇರಬೇಕಲ್ಲೋ? ನಾಚಬ್ಯಾಡ," ಎಂದರು. ಮುಂದಿನ ಸಲ ಅವನ ಸಾಕ್ಷಿಯಲ್ಲಿ ಒಂದು ಬಾಟ್ಲಿ ಬೀರು ಬಂತು. ಸಭೆ "ಸ್ತೋತ್ರ!" ಎಂದಿತು. ಆರು ತಿಂಗಳಲ್ಲಿ ಬೀರು ರಮ್ ಆಯಿತು, ಗಾಂಜಾ ಬಂತು, ಬಾಗಲಕೋಟೆ ಸ್ಟೇಶನ್ನಿನ ಬೆಂಚಿನ ಮೇಲೆ ಮಲಗಿದ್ದು ಬಂತು. ಹುನಗುಂದ, ಇಲಕಲ್ಲಿನ ಕೂಟಗಳಿಂದಲೂ ಅವನಿಗೆ ಕರೆ ಬರತೊಡಗಿತು. ಅವನು ಹೇಳುವುದು ಸುಳ್ಳೆಂದು ನನಗೆ ಗೊತ್ತಿತ್ತು. ಅವನ ಕಾಲೇಜಿನ ದಿನಗಳಲ್ಲಿ ನಾನು ಆ ಗೋದಾಮಿನ ಪಕ್ಕದ ಮನೆಯಲ್ಲೇ ಇದ್ದೆ. ಆದರೂ ಮೂರನೇ ಸಾಲಿನಲ್ಲಿ ಕೂತು ನಾನೂ ಸ್ತೋತ್ರ ಎಂದೆ. ಕಥೆ ಚೆನ್ನಾಗಿತ್ತು.

ಹೋದ ವರ್ಷ ಬಾದಾಮಿಯಲ್ಲಿ ಯುವಜನರ ಕೂಟ ಇಟ್ಟುಕೊಂಡರು. ಈ ಸಲ ಮಗನ ಜೊತೆ ತಾಯಿಯೂ ಸಾಕ್ಷಿ ಹೇಳಬೇಕು, ಕುಡುಕ ಮಗನಿಗಾಗಿ ಅತ್ತು ಪ್ರಾರ್ಥಿಸಿದ್ದನ್ನು ತಿಳಿಸಬೇಕು ಎಂದು ಪಾಸ್ಟರು ಕರಪತ್ರದಲ್ಲಿ ಅಚ್ಚು ಹಾಕಿಸಿಯೇಬಿಟ್ಟರು. ಎಬೆನೇಜರ ಇಕ್ಕಟ್ಟಿಗೆ ಸಿಕ್ಕಿದ. ಮಗ ಕುಡಿದೇ ಇಲ್ಲವೆಂದು ತಾಯಿ ಹೇಳಿದರೆ ಮೂರು ಊರುಗಳಲ್ಲಿ ಅವನು ಸುಳ್ಳುಗಾರ. ಕುಡಿದಿದ್ದನೆಂದು ಹೇಳಿಸಿದರೆ ಅವಳನ್ನೂ ಸುಳ್ಳಿಗೆ ಎಳೆದಂತೆ. ಹಿರಿಯರಾಗಿ ತಾಯಿಗೆ ಒಂದು ಮಾತು ಹೇಳಿರೆಂದು ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಗುಳೇದಗುಡ್ಡಕ್ಕೆ ಹೋದ.

ತಾಯಿ ಸುವಾರ್ತವ್ವ ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ, ನೇಯುವ ಮಗ್ಗಗಳಿಗೆ ನೂಲು ಸುತ್ತಿ ಬದುಕುವವಳು. ಅಲ್ಲಿಯ ಹಳೆಯ ಸಭೆಗೆ ಹೋಗುತ್ತಾಳೆ, ಮಗನ ಸಾಕ್ಷಿ ಒಮ್ಮೆಯೂ ಕೇಳಿರಲಿಲ್ಲ.

"ಅವ್ವಾ, ನಾ ಭಾಳ ಕುಡೀತಿದ್ದೆ ಅಂತ ಹೇಳಬೇಕಾಗೇತಿ," ಎಂದ ಎಬೆನೇಜರ.

"ಯಾವಾಗ ಕುಡೀತಿದ್ದಿ?"

"ಕುಡದಿಲ್ಲ. ಹಂಗ ಹೇಳಿದ್ರ ನಾಕು ಹುಡುಗರು ಸುಧಾರಸ್ತಾರ."

ಸುವಾರ್ತವ್ವ ನನ್ನ ಕಡೆ ನೋಡಿದಳು. "ಮಾಸ್ತರ, ಸುಳ್ಳ ಸಾಕ್ಷಿ ಹೇಳಬಾರದಂತ ಸಣ್ಣಾಂವ ಇದ್ದಾಗ ನಾನ ಇವಗ ಬಾಯಿಪಾಠ ಮಾಡಿಸೀನಿ. ಅದು ಕೋರ್ಟಿಗೆ ಅಷ್ಟ ಏನ್ರಿ?"

ನಾನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ನಾಚಿಕೆಗೇಡೆನಿಸಿತು. ಕೂಟಕ್ಕೆ ಬರ್ತೇನಿ ಎಂದಷ್ಟೇ ಹೇಳಿ ಅವಳು ನಮಗೆ ಚಹಾ ಕೊಟ್ಟಳು.

ಬಾದಾಮಿಯ ಕೂಟಕ್ಕೆ ಮುನ್ನೂರು ಜನ ಸೇರಿದ್ದರು. ಪಾಸ್ಟರು ಪರದೆಯ ಮೇಲೆ ಮುಖಕ್ಕೆ ಬಣ್ಣ ಬಳಿದ ಹಾಡುಗಾರರ ಚಿತ್ರ ತೋರಿಸಿದರು. ಎಬೆನೇಜರ ಹತ್ತೇ ನಿಮಿಷದಲ್ಲಿ ತನ್ನ ಸಾಕ್ಷಿ ಮುಗಿಸಿದ, ಸ್ಟೇಶನ್ನಿನ ಬೆಂಚಿನ ತನಕ ಹೋಗಲಿಲ್ಲ. ಆಮೇಲೆ ಸುವಾರ್ತವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಮೈಕಿನ ಮುಂದೆ ನಿಂತಳು.

"ನನ್ನ ಮಗ ಒಂದಿನಾನೂ ಕುಡದಿಲ್ಲರಿ. ಅವನ ಹಾಡು ನಂಗ ತಿಳೀತಿರಲಿಲ್ಲ, ಬರೇ ಗದ್ದಲ ಅನಸ್ತಿತ್ತು. ಆದ್ರ ಮನಿಗೆ ಬಂದು ನನ್ನ ಸಂಗಾಟ ಉಂಡು ಮಲಗ್ತಿದ್ದ. ಅಂವ ಪಾಪ ಮಾಡ್ಯಾನ, ಖರೆ. ಗಿಟಾರ ಹಿಡದಾಗಲ್ಲ, ಮೈಕ ಹಿಡದಾಗ."

ಯಾರೋ ಗಾಬರಿಯಿಂದ ಮೈಕು ಬಂದ್ ಮಾಡಿದರು. ಪಾಸ್ಟರು ತಲೆ ತಗ್ಗಿಸಿ ಕೂತರು. ಎಬೆನೇಜರ ವೇದಿಕೆಗೆ ಬಂದು ತಾಯಿಯ ಪಕ್ಕ ನಿಂತ. ಸಣ್ಣ ದನಿಯಲ್ಲಿ ಏನೋ ಹೇಳಿದ. ಮುಂದಿನ ಸಾಲುಗಳಿಗಷ್ಟೇ ಕೇಳಿಸಿತು.

"ಏನಂದ? ಏನಂದ?" ಎಂದು ಹಿಂದಿನವರು ಗದ್ದಲ ಎಬ್ಬಿಸಿದರು.

ಅವನು ಅಂದದ್ದು ಇಷ್ಟು: "ಅವ್ವ ಹೇಳಿದ್ದ ಖರೆ. ನಾ ಗಿಟಾರ ಬಾರಸಿದ್ದಷ್ಟ. ಉಳದದ್ದೆಲ್ಲಾ ನಿಮಗ ಬೇಕಂತ ಹೇಳೀನಿ."

ನಾನು ಎದ್ದು ಹಿಂದಕ್ಕೆ ತಿರುಗಿ, ಸಾಲಿ ಮಾಸ್ತರನ ದನಿ ತೆಗೆದು ಅದನ್ನೇ ಕೂಗಿ ಹೇಳಿದೆ. ಜನ ಥಟ್ಟನೆ ಸುಮ್ಮನಾದರು. ಯಾಕೆಂದು ಕೂತ ಮೇಲೆ ನನಗೆ ಹೊಳೆಯಿತು. ನಿಮಗ ಬೇಕಂತ ಎಂದು ಕೂಗಲು ಹೋದ ನಾನು, ನಮಗ ಬೇಕಂತ ಎಂದು ಕೂಗಿಬಿಟ್ಟಿದ್ದೆ.